ಯಾಂಕಿ ಡೂಡಲ್‌ನ ಮೂಲ ಹುಡುಕಲು ಹೋಗಿ

ಕಳೆದ ತಿಂಗಳು ಬೆಂಗಳೂರಿನ ಒಂದು ಸಣ್ಣ ಹಾಲ್‌ನಲ್ಲಿ ಮಾತಾಡಿದ್ದನ್ನು ಬರೆದು ಹಾಕಿ ಅಂತ ಕೆಲವರು ಕೇಳಿದ್ದರು. ಅವತ್ತು ನಡುನಡುವೆ ನುಡಿಸಿ ತೋರಿಸಿದ್ದೆ. ಅದನ್ನು ಬರೆಯಲು ಬರುವುದಿಲ್ಲ, ಹಾಗಾಗಿ ಕೆಲವು ಕಡೆ ನೀವೇ ಗುನುಗಿಕೊಳ್ಳಬೇಕು. ಪಿಯಾನೋ ಇದೆ ಅಂತ ಮೊದಲು ಹೇಳಿದ್ದರು. ಹೋಗಿ ನೋಡಿದರೆ ಒಂದು ಹಳೇ ಕೀಬೋರ್ಡ್. ಅದರಲ್ಲೂ ನಡುವಿನ ಒಂದು ಕೀ ಎಷ್ಟು ಒತ್ತಿದರೂ ಸದ್ದಿಲ್ಲ. ಸಿಟ್ಟು ಬಂತು. ಆಮೇಲೆ ಅದೇ ಉಪಯೋಗಕ್ಕೆ ಬಂತು ಅನ್ನುವುದು ಬೇರೆ ಮಾತು.

ವಿಷಯ ಇಷ್ಟೇ. ಅಮೆರಿಕದವರ ಒಂದು ಜನಪದ ಧಾಟಿ ಇದೆ, ಯಾಂಕಿ ಡೂಡಲ್ ಅಂತ. ನಮ್ಮಲ್ಲಿ ಕಾನ್ವೆಂಟಿಗೆ ಹೋದ ಮಕ್ಕಳಿಗೆ ಗೊತ್ತಿರುತ್ತದೆ. ಹೋಗದವರಿಗೂ ಟಿವಿಯಿಂದ ಕಿವಿಗೆ ಬಿದ್ದಿರುತ್ತದೆ. ಟಾಮ್ ಅಂಡ್ ಜೆರ್ರಿಯ ಒಂದು ಕಂತಿಗೆ ಹೆಸರೇ ಯಾಂಕಿ ಡೂಡಲ್ ಮೌಸ್. 1943ರದ್ದು, ಆಸ್ಕರ್ ಬೇರೆ ಬಂದಿದೆ ಅದಕ್ಕೆ. ಇಂಥ ಮಕ್ಕಳಾಟದ ಧಾಟಿಯನ್ನು ಹಿಡಿದುಕೊಂಡು ಇನ್ನೂರು ವರ್ಷದಿಂದ ಪಿಯಾನೋದವರು ಏನೇನು ಮಾಡಿದ್ದಾರೆ ಅಂತ ಹೇಳುವುದು ನನ್ನ ಉದ್ದೇಶವಾಗಿತ್ತು. ತಯಾರಿ ಶುರು ಮಾಡುವಾಗ ಮೊದಲು ಮೂಲ ಧಾಟಿ ಹಿಡಿಯೋಣ, ಆಮೇಲೆ ಒಬ್ಬೊಬ್ಬರು ಅದನ್ನು ಹೇಗೆ ಬದಲಿಸಿದರು ಅಂತ ನೋಡೋಣ ಅಂದುಕೊಂಡಿದ್ದೆ. ಅಲ್ಲೇ ಎಡವಿದ್ದು.

ಧಾಟಿ ನಮ್ಮ ಸ್ವರದಲ್ಲಿ ಹೀಗಿದೆ, ಶಂಕರಾಭರಣದ ಸ್ವರಗಳನ್ನೇ ಹಾಕಿಕೊಳ್ಳಿ: ಸ ಸ ರಿ ಗ ಸ ಗ ರಿ, ಸ ಸ ರಿ ಗ ಸ ನಿ, ಸ ಸ ರಿ ಗ ಮ ಗ ರಿ ಸ, ನಿ ಪ ದ ನಿ ಸ ಸ. ಕೊನೆಯಲ್ಲಿ ಬರುವ ನಿ, ಪ, ದ ಎಲ್ಲ ಕೆಳಗಿನ ಸ್ಥಾಯಿಯವು. ಇದು ಅರ್ಧ. ಇನ್ನರ್ಧ ಕೋರಸ್, ಅದೂ ಇಷ್ಟೇ ಸುಲಭ. ಗಮಕ ಇಲ್ಲ, ಏನಿಲ್ಲ, ಮೆಟ್ಟಿಲು ಹತ್ತಿ ಇಳಿದ ಹಾಗೆ.

ಕೆಟ್ಟುಹೋಗಿದ್ದ ಕೀ ಯಾವುದು ಅಂದರೆ ಇದರ ಗಾಂಧಾರ, ಅಂದರೆ ಗ. ಬೇರೆ ಶ್ರುತಿ ಹಿಡಿದು ತಪ್ಪಿಸಿಕೊಳ್ಳಬಹುದಿತ್ತು. ಬೇಕಂತಲೇ ಅದೇ ಶ್ರುತಿಯಲ್ಲಿ ನುಡಿಸಿದೆ. ಈ ನಾಲ್ಕು ತುಂಡಲ್ಲಿ ಗಾಂಧಾರ ಐದು ಸಲ ಬರುತ್ತದೆ, ಐದು ಸಲವೂ ಟಕ್ ಅಂತ ಕೀ ಬಿದ್ದ ಸದ್ದು ಮಾತ್ರ. ಎರಡನೇ ಸಲ ನುಡಿಸುವಾಗ ಮುಂದಿನ ಸಾಲಿನಲ್ಲಿದ್ದ ಎರಡು ಮಕ್ಕಳು ಆ ಜಾಗಕ್ಕೆ ಸರಿಯಾಗಿ ಬಾಯಲ್ಲಿ ಗಾಂಧಾರ ಹಾಕಿದವು. ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಅರ್ಧ ಗಂಟೆ ವಿವರಿಸಬೇಕೆಂದಿದ್ದ ಸಂಗತಿ ಅರ್ಧ ನಿಮಿಷದಲ್ಲಿ ಮುಗಿಯಿತು. ವೇರಿಯೇಷನ್, ಅಂದರೆ ಒಂದೇ ಧಾಟಿಯನ್ನು ಬದಲಿಸಿ ಬದಲಿಸಿ ನುಡಿಸುವುದು, ನಡೆಯುವುದೇ ಹೀಗೆ. ಧಾಟಿ ಕೇಳುಗನ ತಲೆಯಲ್ಲಿ ಓಡುತ್ತಿರುತ್ತದೆ, ನುಡಿಸುವವನು ಅದರ ಸುತ್ತ ಏನೋ ಮಾಡುತ್ತಿರುತ್ತಾನೆ. ಎರಡೂ ಒಟ್ಟಿಗೆ ಕೇಳಿದರೆ ಮಜಾ. ತಲೆಯಲ್ಲಿ ಧಾಟಿಯೇ ಇಲ್ಲದಿದ್ದರೆ ಅದು ಬರೀ ಬೆರಳಿನ ಕಸರತ್ತು.

ಅದಕ್ಕೇ ಈ ಪದ್ಧತಿಯಲ್ಲಿ ಎಲ್ಲರಿಗೂ ಗೊತ್ತಿರುವ, ಸ್ವಲ್ಪ ಪೆದ್ದು ಪೆದ್ದಾಗಿರುವ ಧಾಟಿಗಳಿಗೆ ಬೆಲೆ ಜಾಸ್ತಿ. ಮೊಜಾರ್ಟ್ 1780ರ ದಶಕದ ಶುರುವಿನಲ್ಲಿ ಒಂದು ಫ್ರೆಂಚ್ ಹಾಡಿನ ಮೇಲೆ 12 ವೇರಿಯೇಷನ್ ಬರೆದ. ಆ ಧಾಟಿಯನ್ನೇ ಈಗ ನಮ್ಮ ಮನೆಮನೆಯಲ್ಲೂ ಮಕ್ಕಳು ಟ್ವಿಂಕಲ್ ಟ್ವಿಂಕಲ್ ಅಂತ ಹಾಡುವುದು. ಕಛೇರಿ ಕೇಳುವವರಿಗೆ ನೆರವಲ್ ನೆನಪಾಗಬಹುದು. ಒಂದೇ ಸಾಲು ಹಿಡಿದು, ತಾಳದ ಜಾಗ ಬಿಡದೆ, ಪ್ರತಿ ಸಲ ಬೇರೆ ದಾರಿಯಲ್ಲಿ ಹೋಗಿ ಬರುವುದು. ಒಂದು ಮಟ್ಟಿಗೆ ಹೋಲಿಕೆ ಸರಿ. ಆದರೆ ನೆರವಲ್ ಅಲ್ಲೇ ಹುಟ್ಟುವುದು, ಇದು ಬರೆದಿಟ್ಟದ್ದು. ಅಲ್ಲದೆ ಪಿಯಾನೋದಲ್ಲಿ ಎರಡು ಕೈಗೂ ಬೇರೆ ಬೇರೆ ಕೆಲಸ. ಒಂದು ಕೈ ಧಾಟಿ ಹಿಡಿದುಕೊಂಡಿದ್ದರೆ ಇನ್ನೊಂದು ಅದನ್ನು ಕಿಚಾಯಿಸಬಹುದು, ತಳ್ಳಬಹುದು, ಮುಚ್ಚಿಯೇ ಹಾಕಬಹುದು.

ಈಗ ಮೂಲಕ್ಕೆ ಬರೋಣ. ಯಾಂಕಿ ಡೂಡಲ್ ಎಲ್ಲಿಂದ ಬಂತು?

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಂಗೀತ ವಿಭಾಗ ನೋಡಿಕೊಳ್ಳುತ್ತಿದ್ದ ಆಸ್ಕರ್ ಸೊನೆಕ್ ಅನ್ನುವಾತ 1909ರಲ್ಲಿ ಇದರ ಬಗ್ಗೆ ದೊಡ್ಡ ವರದಿ ಬರೆದ. ಡಚ್ಚರದು, ಐರಿಷರದು, ಹಂಗೇರಿಯದು, ಸ್ಪೇನ್ ಕಡೆಯ ಬಾಸ್ಕ್ ಜನರದು ಅಂತ ಓಡಾಡುತ್ತಿದ್ದ ವಾದಗಳನ್ನು ಒಂದೊಂದಾಗಿ ಎತ್ತಿಕೊಂಡು ಜಾಲಾಡಿದ. ಬಹಳಷ್ಟು ಬಿದ್ದುಹೋದವು. ಖಚಿತವಾದ ಹುಟ್ಟೂರು ಮಾತ್ರ ಸಿಗಲಿಲ್ಲ. ಧಾಟಿ ಅಚ್ಚಾಗಿ ಸಿಗುವ ಮೊದಮೊದಲ ಪುಸ್ತಕಗಳಲ್ಲಿ ಒಂದು 1782ರ ಸುಮಾರಿನದು. ಅದೂ ಅಮೆರಿಕದಲ್ಲಿ ಬಂದದ್ದಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಅಷ್ಟು ಹೊತ್ತಿಗೆ ಜನ ಅದನ್ನು ಹಾಡಲು ಶುರು ಮಾಡಿ ಎಷ್ಟೋ ವರ್ಷ ಆಗಿತ್ತು.

ಮಾತುಗಳ ಕತೆ ಇನ್ನೂ ಚೆನ್ನಾಗಿದೆ. ಮೊದಲು ಅದು ಬೈಗುಳದ ಹಾಡು. ಬ್ರಿಟಿಷ್ ಸಿಪಾಯಿಗಳು ಅಮೆರಿಕದ ವಸಾಹತಿನ ಹಳ್ಳಿಗಮಾರರನ್ನು ಆಡಿಕೊಳ್ಳಲು ಹಾಡುತ್ತಿದ್ದದ್ದು. ಹಾಡಿನ ಪೆದ್ದ ಒಂದು ಪುಟ್ಟ ಕುದುರೆ ಹತ್ತಿ ಪೇಟೆಗೆ ಬರುತ್ತಾನೆ, ಟೋಪಿಗೆ ಒಂದು ಗರಿ ಸಿಕ್ಕಿಸಿಕೊಂಡು ಅದನ್ನು ಮ್ಯಾಕರೋನಿ ಅನ್ನುತ್ತಾನೆ. ಮ್ಯಾಕರೋನಿ ಅಂದರೆ ತಿನ್ನುವುದಲ್ಲ. ಆಗ ಲಂಡನ್ನಿನಲ್ಲಿ ಇಟಲಿಗೆ ಹೋಗಿ ಬಂದು ವಿಪರೀತ ಷೋಕಿ ಮಾಡುತ್ತಿದ್ದ ಹುಡುಗರಿಗೆ ಆ ಹೆಸರಿತ್ತು. ಒಂದು ಗರಿ ಸಿಕ್ಕಿಸಿಕೊಂಡ ಮಾತ್ರಕ್ಕೆ ತಾನೂ ಲಂಡನ್ ಷೋಕಿಲಾಲ ಅಂದುಕೊಂಡ ಹಳ್ಳಿ ಹೈದ, ಅದೇ ತಮಾಷೆ. ನಾನು ಚಿಕ್ಕವನಿದ್ದಾಗ ಅವನು ಟೋಪಿಗೆ ಶಾವಿಗೆ ಹಾಕಿಕೊಂಡ ಅಂದುಕೊಂಡಿದ್ದೆ.

1775ರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾಯಿತು. ಬೈಸಿಕೊಂಡವರು ಹಾಡನ್ನೇ ಕಿತ್ತುಕೊಂಡರು. 1777ರಲ್ಲಿ ಸಾರಟೋಗದಲ್ಲಿ ಬ್ರಿಟಿಷ್ ಸೈನ್ಯ ಶರಣಾಗುವಾಗ ಅಮೆರಿಕದವರು ಬಾರಿಸಿದ್ದು ಇದೇ ಯಾಂಕಿ ಡೂಡಲ್. ಅಲ್ಲಿದ್ದ ಥಾಮಸ್ ಆನ್‌ಬರಿ ಅನ್ನುವ ಬ್ರಿಟಿಷ್ ಅಧಿಕಾರಿ, ಅದನ್ನು ಕೇಳಿಸಿಕೊಂಡು ನಿಲ್ಲುವುದು ಎಷ್ಟು ಅವಮಾನ ಅಂತ ಬರೆದಿಟ್ಟಿದ್ದಾನೆ. ಸ್ವರ ಒಂದೂ ಬದಲಾಗಿಲ್ಲ, ಗಮನಿಸಿ. ಅದೇ ಸ ಸ ರಿ ಗ. ಬಾರಿಸುವವರು ಬದಲಾದರು, ಕೇಳುವವರು ಬದಲಾದರು, ಹಾಡು ತಲೆಕೆಳಗಾಯಿತು. ಪಿಯಾನೋ ಇನ್ನೂ ಹತ್ತಿರಕ್ಕೂ ಬಂದಿಲ್ಲ, ಆಗಲೇ ಒಂದು ವೇರಿಯೇಷನ್ ಆಗಿಹೋಗಿದೆ. ನನಗಂತೂ ಇದಕ್ಕಿಂತ ಒಳ್ಳೇ ವೇರಿಯೇಷನ್ ಆಮೇಲೆ ಯಾರೂ ಬರೆದ ಹಾಗೆ ಕಾಣುವುದಿಲ್ಲ.

ಪಿಯಾನೋಗೆ ಇದನ್ನು ತಂದವರಲ್ಲಿ ಮೊದಮೊದಲ ಒಬ್ಬ ಜೇಮ್ಸ್ ಹೆವಿಟ್. ಇಂಗ್ಲೆಂಡಿನವನು, 1792ರಲ್ಲಿ ನ್ಯೂಯಾರ್ಕಿಗೆ ಬಂದ. 1797ರಲ್ಲಿ ಟ್ರೆಂಟನ್ ಕದನ ಅಂತ ಒಂದು ಪಿಯಾನೋ ಕೃತಿ ಪ್ರಕಟಿಸಿ ಜನರಲ್ ವಾಷಿಂಗ್ಟನ್‌ಗೆ ಅರ್ಪಿಸಿದ. ಅದನ್ನು ಓದುವುದೇ ಒಂದು ಖುಷಿ, ಯಾಕೆಂದರೆ ಸ್ವರಗಳ ಮೇಲೆ ಕತೆ ಬರೆದಿದೆ: ಇಲ್ಲಿ ತೋಪು ಹಾರಿತು, ಇಲ್ಲಿ ಶತ್ರುಗಳು ಓಡಿದರು, ಇಲ್ಲಿ ಗೊಂದಲ, ಇಲ್ಲಿ ಸತ್ತ ಜೊತೆಗಾರರಿಗಾಗಿ ದುಃಖ. ದುಃಖ ಮುಗಿದ ಮೇಲೆ ಯಾಂಕಿ ಡೂಡಲ್. ಬ್ರಿಟಿಷರು ಸೋತ ಯುದ್ಧವನ್ನು ಇಂಗ್ಲೆಂಡಿನಲ್ಲಿ ಹುಟ್ಟಿದವನೊಬ್ಬ ಬಂದು ಮಾರಿಕೊಂಡ. ಜೀವನ ನಡೆಯಬೇಕಲ್ಲ. ಮುಂದೆ ಆತ ಯಾಂಕಿ ಡೂಡಲ್ ಮೇಲೆಯೇ ಬಿಡಿಯಾಗಿ ವೇರಿಯೇಷನ್ ಬರೆದ. ನುಡಿಸಿ ನೋಡಿದೆ, ಸಂಪೂರ್ಣ ಪಾಠದ ಹುಡುಗನ ಸರಕು. ಒಂದರಲ್ಲಿ ಬಲಗೈ ಓಡುತ್ತದೆ, ಇನ್ನೊಂದರಲ್ಲಿ ಎಡಗೈ ಓಡುತ್ತದೆ. ಮನೆಯಲ್ಲಿ ಪಿಯಾನೋ ಇಟ್ಟುಕೊಂಡ ಹೆಣ್ಣುಮಕ್ಕಳು ಅತಿಥಿಗಳು ಬಂದಾಗ ನುಡಿಸಲು ಅಂತಲೇ ಮಾಡಿದ್ದು.

ಆಮೇಲಿನ ಐವತ್ತು ವರ್ಷ ಅಮೆರಿಕದಲ್ಲಿ ಇಂಥದ್ದರದೇ ಸುಗ್ಗಿ. ಕಾರ್ಖಾನೆಗಳಿಂದ ಪಿಯಾನೋ ಹೊರಬೀಳುತ್ತಿತ್ತು, ಮಧ್ಯಮ ವರ್ಗದವರು ಕೊಳ್ಳುತ್ತಿದ್ದರು. ಕೊಂಡ ಮೇಲೆ ನುಡಿಸಲು ಏನಾದರೂ ಬೇಕು, ಅದು ಗೊತ್ತಿರುವ ಧಾಟಿಯೇ ಆಗಿರಬೇಕು, ಕಷ್ಟ ಇರಬಾರದು ಆದರೆ ಕೇಳುವವರಿಗೆ ಕಷ್ಟ ಅನ್ನಿಸಬೇಕು. ಚಾರ್ಲ್ಸ್ ಗ್ರೋಬ್ ಅಂತ ಜರ್ಮನಿಯಿಂದ ಬಂದ ಒಬ್ಬ ಮೇಷ್ಟ್ರು ಸುಮಾರು 2000 ಕೃತಿ ಅಚ್ಚು ಹಾಕಿಸಿದ, ಬಹುಪಾಲು ಇಂಥ ವೇರಿಯೇಷನ್‌ಗಳೇ. ಸಂಗೀತ ಅನ್ನುವುದಕ್ಕಿಂತ ಬೇಕರಿ ಅನ್ನಬಹುದು. ಮುಂದೆ ಹೋಗೋಣ.

ಲೂಯಿ ಮೊರೊ ಗಾಟ್‌ಷಾಕ್ ಹತ್ತಿರ ನಿಲ್ಲಲೇಬೇಕು. 1829ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದವನು. 13ನೇ ವಯಸ್ಸಿಗೆ ಪ್ಯಾರಿಸ್ಸಿಗೆ ಹೋಗಿ ಅಲ್ಲಿನ ದೊಡ್ಡ ಸಂಗೀತ ಶಾಲೆಯ ಬಾಗಿಲು ತಟ್ಟಿದ. ಅಲ್ಲಿನ ಪಿಯಾನೋ ಪ್ರಾಧ್ಯಾಪಕರು ಹುಡುಗ ನುಡಿಸುವುದನ್ನು ಕೇಳಲೇ ಇಲ್ಲ. ಅಮೆರಿಕ ಅಂದರೆ ಉಗಿಯಂತ್ರಗಳ ದೇಶ ಅಂತ ಹೇಳಿ ವಾಪಸ್ ಕಳಿಸಿದರಂತೆ. ಹುಡುಗ ಹೊರಗೇ ಕಲಿತು, ಅದೇ ಪ್ಯಾರಿಸ್ಸಿನವರನ್ನು ತನ್ನೂರಿನ ಧಾಟಿಗಳಿಂದಲೇ ಮರುಳು ಮಾಡಿದ. ಆತನ ದಿ ಬಾಂಜೋ ಅನ್ನುವ ಕೃತಿ ಕೇಳಿ. ಪಿಯಾನೋ ಮೇಲೆ ಬಾಂಜೋ ತಂತಿ ಮೀಟಿದ ಹಾಗೇ ಕೇಳುತ್ತದೆ.

1861ರಲ್ಲಿ ಅಮೆರಿಕದ ಉತ್ತರ ದಕ್ಷಿಣದವರು ಹೊಡೆದಾಟಕ್ಕೆ ಇಳಿದರು. ಗಾಟ್‌ಷಾಕ್ ದಕ್ಷಿಣದಲ್ಲಿ ಹುಟ್ಟಿದವನು, ನಿಂತದ್ದು ಉತ್ತರದ ಕಡೆ. 1862ರಲ್ಲಿ ಆತ ಯೂನಿಯನ್ ಅಂತ ಒಂದು ದೊಡ್ಡ ಕೃತಿ ಹೊರತಂದ. ಆರಂಭ ತೋಪು ಹಾರಿಸಿದ ಹಾಗೆ. ಎರಡೂ ಕೈ ಕೀಬೋರ್ಡಿನ ಆ ತುದಿಯಿಂದ ಈ ತುದಿಗೆ ಅಪ್ಪಳಿಸುತ್ತವೆ. ನಡುವೆ ಈಗಿನ ಅಮೆರಿಕದ ರಾಷ್ಟ್ರಗೀತೆ ತೀರಾ ಮೆಲ್ಲಗೆ, ಯಾರೋ ದೂರದಲ್ಲಿ ನಿಂತು ಹಾಡಿದ ಹಾಗೆ ಬರುತ್ತದೆ. ಆಮೇಲೆ ಹೇಲ್ ಕೊಲಂಬಿಯಾ ಅನ್ನುವ ಗತ್ತಿನ ದೇಶಭಕ್ತಿ ಗೀತೆ. ಕೊನೆಗೆ ಒಂದು ಕೈಚಳಕ: ಆ ಗತ್ತಿನ ಗೀತೆ ಮತ್ತು ನಮ್ಮ ಪೆದ್ದ ಯಾಂಕಿ ಡೂಡಲ್ ಎರಡೂ ಒಟ್ಟಿಗೆ. ಒಂದರ ಮೇಲೆ ಒಂದು, ಒಂದಕ್ಕೊಂದು ತಗಲದ ಹಾಗೆ. ದೇವಸ್ಥಾನದ ಮೆರವಣಿಗೆಯೂ ಮಾರಿಹಬ್ಬದ ತಮಟೆಯೂ ಒಂದೇ ಬೀದಿಯಲ್ಲಿ ಎದುರಾದ ಹಾಗೆ ಆಗಬೇಕಿತ್ತು, ಆದರೆ ಎರಡೂ ಹೊಂದಿಕೊಂಡು ಹೋಗುತ್ತವೆ. ಯುದ್ಧದ ನಡುವೆ ಜನ ಇದನ್ನು ಕೇಳಿ ಎದ್ದು ನಿಂತು ಕೂಗುತ್ತಿದ್ದರಂತೆ. 1864ರಲ್ಲಿ ವಾಷಿಂಗ್ಟನ್‌ನಲ್ಲಿ ಆತ ನುಡಿಸುವಾಗ ಲಿಂಕನ್ ಬಂದು ಕೂತಿದ್ದರು.

ಇದು ಒಳ್ಳೇ ಸಂಗೀತವಾ? ನನ್ನ ಗೆಳೆಯನೊಬ್ಬ ಸರ್ಕಸ್ ಅನ್ನುತ್ತಾನೆ. ಸರ್ಕಸ್ಸೇ. ಆದರೆ ಎರಡು ಧಾಟಿ ಸೇರಿಸುವಾಗ ಆತ ಎರಡನ್ನೂ ಜಾಸ್ತಿ ಬಗ್ಗಿಸಿಲ್ಲ. ಎಲ್ಲಿ ಒಂದು ತಾಳುತ್ತದೋ ಅಲ್ಲಿ ಇನ್ನೊಂದು ಓಡುತ್ತದೆ. ಅಂಥ ಜಾಗ ಹುಡುಕಲು ಕಿವಿ ಬೇಕು.

ಇದೇ ಕಾಲದಲ್ಲಿ ಇನ್ನೊಬ್ಬ ಇದ್ದ. ಆತನ ಬಗ್ಗೆ ಹೇಳುವಾಗ ಹಾಲ್ ಸ್ವಲ್ಪ ತಣ್ಣಗಾಯಿತು. ಥಾಮಸ್ ವಿಗಿನ್ಸ್, ಜನ ಕರೆದದ್ದು ಬ್ಲೈಂಡ್ ಟಾಮ್ ಅಂತ. 1849ರಲ್ಲಿ ಜಾರ್ಜಿಯಾದಲ್ಲಿ ಹುಟ್ಟಿದ ಕುರುಡು ಮಗು, ಗುಲಾಮರ ಮಗ. ಕೇಳಿದ್ದನ್ನೆಲ್ಲ ನುಡಿಸುತ್ತಿದ್ದ. ಒಡೆಯ ಆತನನ್ನು ಊರೂರು ತಿರುಗಿಸಿ ದುಡ್ಡು ಮಾಡಿದ. 1860ರಲ್ಲಿ, ಹತ್ತು ಹನ್ನೊಂದು ವಯಸ್ಸಿಗೆ, ವೈಟ್ ಹೌಸ್‌ನಲ್ಲಿ ಅಧ್ಯಕ್ಷ ಬ್ಯುಕ್ಯಾನನ್ ಎದುರು ನುಡಿಸಿದ. ಆತನ ಹೆಸರಾಂತ ಆಟ ಇದು: ಒಂದು ಕೈಯಲ್ಲಿ ಯಾಂಕಿ ಡೂಡಲ್, ಇನ್ನೊಂದು ಕೈಯಲ್ಲಿ ಫಿಷರ್ಸ್ ಹಾರ್ನ್‌ಪೈಪ್ ಅನ್ನುವ ಕುಣಿತದ ಧಾಟಿ, ಬಾಯಲ್ಲಿ ಮೂರನೇ ಹಾಡು. ಮೂರೂ ಒಟ್ಟಿಗೆ. ಗುಲಾಮಗಿರಿ ರದ್ದಾದ ಮೇಲೂ ಕೋರ್ಟು, ಪಾಲಕತ್ವದ ಕಾಗದ ಅಂತ ಆತನ ಗಳಿಕೆ ಬೇರೆಯವರ ಕೈಯಲ್ಲೇ ಉಳಿಯಿತು. 1908ರಲ್ಲಿ ತೀರಿಕೊಂಡ. ಯಾಂಕಿ ಡೂಡಲ್ ಸ್ವಾತಂತ್ರ್ಯದ ಹಾಡು ಅಂತ ಪುಸ್ತಕಗಳಲ್ಲಿ ಬರೆದಿರುತ್ತದಲ್ಲ, ಅದನ್ನು ಓದುವಾಗೆಲ್ಲ ನನಗೆ ಈತನ ಎಡಗೈ ನೆನಪಾಗುತ್ತದೆ.

ಮುಂದಿನದು ರಷ್ಯಾದವನ ಕತೆ. ಆಂಟನ್ ರೂಬಿನ್‌ಸ್ಟೈನ್, ಆ ಕಾಲದಲ್ಲಿ ಹಂಗೇರಿಯ ಫ್ರಾನ್ಜ್ ಲಿಸ್ಟ್ ಬಿಟ್ಟರೆ ಅಷ್ಟು ದೊಡ್ಡ ಪಿಯಾನೋ ವಾದಕ ಇನ್ನೊಬ್ಬನಿರಲಿಲ್ಲ. 1872–73ರಲ್ಲಿ ಸ್ಟೈನ್‌ವೇ ಕಂಪನಿಯವರು ಆತನನ್ನು ಅಮೆರಿಕಕ್ಕೆ ಕರೆಸಿದರು. 239 ದಿನ, 215 ಕಛೇರಿ. ಒಂದು ಕಛೇರಿಗೆ 200 ಡಾಲರ್, ಕಾಗದದ ದುಡ್ಡು ಬೇಡ, ಚಿನ್ನದಲ್ಲೇ ಕೊಡಿ ಅಂತ ಕರಾರು. ಕೆಲವು ದಿನ ಎರಡೆರಡು ಊರು. ಆಮೇಲೆ ಆತನೇ ಅದನ್ನು ಗುಲಾಮಗಿರಿ ಅಂತ ನೆನೆಸಿಕೊಂಡಿದ್ದಾನೆ. ಇನ್ನೊಂದು ಸಲ ಅಮೆರಿಕಕ್ಕೆ ಹೋಗಲಿಲ್ಲ.

ಹೊರಡುವ ಮುಂಚೆ, ನ್ಯೂಯಾರ್ಕಿನ ಕೊನೆಯ ಕಛೇರಿಯಲ್ಲಿ, ಹೊಸದಾಗಿ ಬರೆದ ಯಾಂಕಿ ಡೂಡಲ್ ವೇರಿಯೇಷನ್‌ಗಳನ್ನು ನುಡಿಸಿದ. ಅತಿಥಿ ಹೋಗುವಾಗ ಮನೆಯವರಿಗೆ ಕೊಡುವ ಉಡುಗೊರೆಯ ಹಾಗೆ. ಇದರ ಪುಟಗಳನ್ನು ತಿರುವಿದರೆ ಗಾಬರಿಯಾಗುತ್ತದೆ. ಅಷ್ಟು ಕಪ್ಪು, ಅಷ್ಟು ಸ್ವರ. ಕುಣಿತದ ಧಾಟಿಯನ್ನು ಹಿಡಿದು ಬೀಥೋವನ್ ಹಾಸಿಗೆ ಮೇಲೆ ಮಲಗಿಸಿದ್ದಾನೆ. ನನಗೆ ಇಷ್ಟ ಆಗುವುದಿಲ್ಲ, ನೇರವಾಗಿ ಹೇಳುತ್ತೇನೆ. ಬೆರಳು ದೊಡ್ಡದು, ಆದರೆ ಹಾಡಿನ ಒಳಗಿರುವ ಕುಚೋದ್ಯ ಆತನಿಗೆ ಕೇಳಿಸಿಲ್ಲ. ಕೇಳಿಸುವುದಾದರೂ ಹೇಗೆ? ಆತ ಅದನ್ನು ಬೈಗುಳವಾಗಿಯೂ ಕೇಳಿರಲಿಲ್ಲ, ತಿರುಗೇಟಾಗಿಯೂ ಕೇಳಿರಲಿಲ್ಲ. ಆತನಿಗೆ ಸಿಕ್ಕಿದ್ದು ಬರೀ ಸ ಸ ರಿ ಗ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಇನ್ನೊಂದು ಅಮೆರಿಕನ್ ಹಾಡಿದೆ, ಅಮೆರಿಕ ಅಂತಲೇ ಅದನ್ನು ಕರೆಯುತ್ತಾರೆ. ಮಾತು 1831ರದ್ದು. ಧಾಟಿ ಯಾವುದು ಗೊತ್ತಾ? ಇಂಗ್ಲೆಂಡಿನ ರಾಜನ ಗೀತೆಯದೇ, ಗಾಡ್ ಸೇವ್ ದ ಕಿಂಗ್. ಬೀಥೋವನ್ ಕೂಡ ಅದರ ಮೇಲೆ ಪಿಯಾನೋಗೆ ಏಳು ವೇರಿಯೇಷನ್ ಬರೆದಿದ್ದಾನೆ. 1891ರಲ್ಲಿ ಕನೆಕ್ಟಿಕಟ್‌ನ ಡ್ಯಾನ್‌ಬರಿಯಲ್ಲಿ ಚಾರ್ಲ್ಸ್ ಐವ್ಸ್ ಅನ್ನುವ 17ರ ಹುಡುಗ ಇದನ್ನೇ ಹಿಡಿದು ವೇರಿಯೇಷನ್ ಬರೆದ. ಪಿಯಾನೋಗಲ್ಲ, ಚರ್ಚಿನ ಆರ್ಗನ್‌ಗೆ, ಆದರೂ ಹೇಳದೆ ಬಿಡಲಾರೆ. ಹುಡುಗನ ಅಪ್ಪ ಬ್ಯಾಂಡ್ ಮಾಸ್ಟರು, ಮಕ್ಕಳಿಗೆ ಒಂದು ಶ್ರುತಿಯಲ್ಲಿ ಹಾಡಿಸಿ ತಾನು ಬೇರೆ ಶ್ರುತಿಯಲ್ಲಿ ನುಡಿಸುತ್ತಿದ್ದ ಪುಣ್ಯಾತ್ಮ. ಅದರ ಫಲ ಈ ಕೃತಿಯಲ್ಲಿದೆ. ಒಂದು ಕಡೆ ಬಲಗೈ ಒಂದು ಶ್ರುತಿಯಲ್ಲಿ, ಎಡಗೈ ಇನ್ನೊಂದರಲ್ಲಿ, ಕಿವಿಗೆ ಮರಳು ಹಾಕಿದ ಹಾಗೆ. ಕೊನೆಯಲ್ಲಿ ಕಾಲಿನ ಪೆಡಲ್‌ಗಳ ಮೇಲೆ ಓಡುವುದು ಬೇಸ್‌ಬಾಲ್ ಆಡಿದಷ್ಟೇ ಮಜಾ ಅಂತ ಐವ್ಸ್ ಹೇಳಿಕೊಂಡಿದ್ದಾನೆ.

ಇದನ್ನು ಯಾಕೆ ಎತ್ತಿದೆ ಅಂದರೆ, ಅದಕ್ಕಿಂತ ಎಷ್ಟೋ ಮೊದಲೇ ಅದೇ ಧಾಟಿಗೆ ನಮ್ಮ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತದ ಮಾತು ಹಾಕಿದ್ದರು. ಸಂತತಂ ಪಾಹಿಮಾಂ, ನೊಟ್ಟುಸ್ವರ ಸಾಹಿತ್ಯ ಅಂತ ಸಂಗೀತ ಪಾಠದ ಮಕ್ಕಳು ಕಲಿಯುವುದು. ಮದರಾಸಿನ ಕೋಟೆಯಲ್ಲಿ ಬ್ರಿಟಿಷ್ ಬ್ಯಾಂಡು ಬಾರಿಸುತ್ತಿದ್ದದ್ದು ಕಿವಿಗೆ ಬಿದ್ದು ಮಾಡಿದ್ದು ಅಂತ ಹೇಳುತ್ತಾರೆ. ಲಂಡನ್ನಿನಲ್ಲಿ ರಾಜನಿಗೆ, ಬಾಸ್ಟನ್ನಿನಲ್ಲಿ ರಾಜನನ್ನು ಓಡಿಸಿದವರಿಗೆ, ಇಲ್ಲಿ ಅಮ್ಮನವರಿಗೆ. ಹಾಲ್‌ನಲ್ಲಿ ಇದನ್ನು ಹೇಳಿದಾಗ ಹಿಂದಿನಿಂದ ಒಬ್ಬರು, ನಮ್ಮ ಮೇಷ್ಟ್ರು ಇದನ್ನು ಹೇಳಿಕೊಟ್ಟಾಗ ಇಂಗ್ಲೆಂಡಿನವರೇ ನಮ್ಮಿಂದ ಕದ್ದದ್ದು ಅಂದಿದ್ದರು ಸರ್, ಅಂದರು. ನಕ್ಕುಬಿಟ್ಟೆವು.

ಇಷ್ಟು ಹೊತ್ತಿಗೆ ನನ್ನ ಮೂಲ ಹುಡುಕಾಟ ಏನಾಯಿತು ಅಂತ ನಿಮಗೆ ಗೊತ್ತಾಗಿರಬೇಕು. ಪಿಯಾನೋ ಪುಸ್ತಕದಲ್ಲಿ ಮೊದಲ ಪುಟದಲ್ಲಿ ಥೀಮ್ ಅಂತ ಬರೆದು ಕೆಳಗೆ ಅಚ್ಚುಕಟ್ಟಾದ ಧಾಟಿ ಕೊಟ್ಟಿರುತ್ತಾರೆ. ಎರಡನೇ ಪುಟದಿಂದ ವೇರಿಯೇಷನ್ ಒಂದು, ಎರಡು, ಮೂರು. ಮೊಜಾರ್ಟ್ ತಾನೇ ಕಟ್ಟಿದ ಧಾಟಿಗೆ ಹಾಗೆ ಬರೆಯಬಹುದು, ಜನಪದ ಧಾಟಿಗೆ ಅದು ಸ್ವಲ್ಪ ಸುಳ್ಳೇ. ಆ ಥೀಮ್ ಕೂಡ ಯಾರೋ ಒಬ್ಬರು ಹಾಡಿದ ಒಂದು ವೇರಿಯೇಷನ್. ಅವತ್ತು ಕಾಗದ ಪೆನ್ನು ಹಿಡಿದವನ ಕಿವಿಗೆ ಬಿದ್ದದ್ದು ಅದು, ಅಷ್ಟೇ.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡು ಪಿಯಾನೋ ಬರೆದವನು ಅಂದರೆ ನನ್ನ ಪ್ರಕಾರ ಫ್ರೆಡೆರಿಕ್ ಝೆಫ್‌ಸ್ಕಿ. ಸ್ಪೆಲ್ಲಿಂಗ್ ಆರ್‌ನಿಂದ ಶುರುವಾಗುತ್ತದೆ, ಆ ಆರ್ ಮಾತ್ರ ಯಾರೂ ಉಚ್ಚರಿಸುವುದಿಲ್ಲ. 1938ರಲ್ಲಿ ಮೆಸಾಚುಸೆಟ್ಸ್‌ನಲ್ಲಿ ಹುಟ್ಟಿ, ಬಹಳ ಕಾಲ ಬೆಲ್ಜಿಯಂನಲ್ಲಿ ಪಾಠ ಹೇಳಿ, 2021ರಲ್ಲಿ ಇಟಲಿಯಲ್ಲಿ ತೀರಿಕೊಂಡರು. 1978–79ರಲ್ಲಿ ಅವರು ನಾಲ್ಕು ಅಮೆರಿಕನ್ ಹಾಡುಗಳನ್ನು ಹಿಡಿದು ನಾಲ್ಕು ಪಿಯಾನೋ ಕೃತಿ ಬರೆದರು, ನಾರ್ತ್ ಅಮೆರಿಕನ್ ಬ್ಯಾಲಡ್ಸ್ ಅಂತ. ಪಾಲ್ ಜೇಕಬ್ಸ್ ಅನ್ನುವ ಪಿಯಾನೋ ವಾದಕರಿಗಾಗಿ.

ಅದರಲ್ಲಿ ಒಂದು, ವಿಚ್ ಸೈಡ್ ಆರ್ ಯು ಆನ್. ನೀನು ಯಾವ ಕಡೆ ಅಂತ ಕೇಳುವ ಹಾಡು. 1931ರಲ್ಲಿ ಕೆಂಟಕಿಯ ಹಾರ್ಲನ್ ಕೌಂಟಿಯಲ್ಲಿ ಕಲ್ಲಿದ್ದಲು ಗಣಿಯವರ ಮುಷ್ಕರ. ಫ್ಲಾರೆನ್ಸ್ ರೀಸ್ ಅನ್ನುವಾಕೆಯ ಗಂಡ ಸಂಘದ ಕೆಲಸ ಮಾಡುತ್ತಿದ್ದ. ಆತನನ್ನು ಹುಡುಕಿಕೊಂಡು ಶೆರಿಫ್‌ನ ಜನ ಮನೆಗೆ ನುಗ್ಗಿ ಎಲ್ಲ ಕಿತ್ತು ಹಾಕಿದರು. ಆಕೆ ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಮೇಲೆ ಹಾಡು ಬರೆದಳು. ಧಾಟಿ? ಅದು ಆಕೆಯದಲ್ಲ. ಚರ್ಚಿನ ಹಳೇ ಹಾಡಿನದು ಅಂತ ಹೇಳುತ್ತಾರೆ, ಅದಕ್ಕೂ ಹಿಂದಿನ ಬ್ರಿಟನ್ ಕಡೆಯ ಲಾವಣಿಯದು ಅಂತ ಹೇಳುವವರೂ ಇದ್ದಾರೆ. ಮತ್ತೆ ಅದೇ ಕತೆ.

ಝೆಫ್‌ಸ್ಕಿ ಮಾಡಿದ್ದು ಏನೆಂದರೆ ಧಾಟಿಯನ್ನು ಮೊದಲೇ ನೇರವಾಗಿ ಕೊಡುವುದಿಲ್ಲ. ಚೂರು ಮಾಡಿ ಬೇರೆ ಬೇರೆ ಶ್ರುತಿಯಲ್ಲಿ ಎಸೆಯುತ್ತಾರೆ. ಒಂದು ಸಭೆಯಲ್ಲಿ ಹತ್ತು ಜನ ಒಟ್ಟಿಗೆ ಅದೇ ಪ್ರಶ್ನೆ ಕೂಗಿದ ಹಾಗೆ. ಚರ್ಚಿನ ಹಾಡುಗಳ ಧಾಟಿಯನ್ನು ಬಾಖ್ ಹೇಗೆ ಹಿಗ್ಗಿಸಿ, ಕುಗ್ಗಿಸಿ, ಒಳದನಿಗಳಲ್ಲಿ ಹೆಣೆಯುತ್ತಿದ್ದನೋ ಅದೇ ನನಗೆ ಮಾದರಿ ಅಂತ ಅವರು ಹೇಳಿದ್ದರು. ನಡುವೆ ಒಂದು ಜಾಗದಲ್ಲಿ ವಾದಕ ಬೇಕಾದರೆ ತನ್ನದೇ ಮನೋಧರ್ಮದಿಂದ ನುಡಿಸಬಹುದು ಅಂತ ಬಿಟ್ಟಿದ್ದಾರೆ. ಬರೆದಿಟ್ಟ ಸಂಗೀತದ ನಡುವೆ ಬರೆಯದ ಜಾಗ. ನೆರವಲ್ ಹೋಲಿಕೆ ಆಗ ಪೂರ್ತಿ ಸರಿಯಿಲ್ಲ ಅಂದಿದ್ದೆನಲ್ಲ, ಇಲ್ಲಿ ಬಂದು ಹತ್ತಿರ ಕೂತುಕೊಂಡಿತು.

ನಾಲ್ಕನೆಯದು ವಿನ್ಸ್‌ಬರೋ ಕಾಟನ್ ಮಿಲ್ ಬ್ಲೂಸ್. ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಒಂದು ಬಗೆಯ ಹಾಡು. ದಕ್ಷಿಣ ಕ್ಯಾರೊಲೈನಾದ ಒಂದು ಹತ್ತಿ ಗಿರಣಿಯ ಕೂಲಿಗಳ ಹಾಡು. ಇದನ್ನು ನಾನು ನುಡಿಸಲಾರೆ, ರೆಕಾರ್ಡಿಂಗ್ ಹಾಕಿದೆ. ಪಿಯಾನೋದ ತೀರಾ ಕೆಳಗಿನ ಕೀಗಳಲ್ಲಿ ಶುರುವಾಗುತ್ತದೆ. ಧಾಟಿ ಇಲ್ಲ, ಹಾಡಿಲ್ಲ, ಒಂದೇ ಸಮನೆ ಗಡಗಡ. ಯಂತ್ರದ ಹಾಗೆ, ಮುಖದಲ್ಲಿ ಭಾವವಿಲ್ಲದೆ ನುಡಿಸಬೇಕು. ಮೊದಲು ಬೆರಳು, ಆಮೇಲೆ ಅಂಗೈ, ಆಮೇಲೆ ಮುಂಗೈಯನ್ನೇ ಕೀಗಳ ಮೇಲೆ ಇಟ್ಟು ಒತ್ತುವುದು. ಮಗ್ಗಗಳ ಸಾಲಿನ ನಡುವೆ ನಿಂತ ಹಾಗೆ ಆಗುತ್ತದೆ. ಸಭೆಯಲ್ಲಿ ಒಬ್ಬರು ಕಿವಿ ಮುಚ್ಚಿಕೊಂಡರು. ತುಂಬ ಹೊತ್ತಿನ ಮೇಲೆ, ಆ ಗದ್ದಲದ ಒಳಗಿಂದ, ನಿಧಾನವಾಗಿ ಒಂದು ಸೋಮಾರಿ ಬ್ಲೂಸ್ ಹೊರಬರುತ್ತದೆ. ಪಾಳಿ ಮುಗಿಸಿ ಯಾರೋ ಹೊರಗೆ ಬಂದು ಬೀಡಿ ಹಚ್ಚಿದ ಹಾಗೆ.

ಬ್ಲೂಸ್ ಬಗ್ಗೆ ಒಂದು ಮಾತು. ಅದರಲ್ಲಿ ಗಾಂಧಾರ ಎರಡು ಕೀಗಳ ನಡುವೆ ಎಲ್ಲೋ ಇರುತ್ತದೆ. ನಮ್ಮ ಕೆಳಗಿನ ಗಾಂಧಾರವಾದ ಸಾಧಾರಣವೂ ಅಲ್ಲ, ಮೇಲಿನದಾದ ಅಂತರವೂ ಅಲ್ಲ. ಹಾಡುವವನು ಅಲ್ಲಿ ಜಾರುತ್ತಾನೆ. ಪಿಯಾನೋಗೆ ಜಾರಲು ಬರುವುದಿಲ್ಲ. ಅದಕ್ಕೆ ಬ್ಲೂಸ್ ಪಿಯಾನೋದವರು ಅಕ್ಕಪಕ್ಕದ ಎರಡೂ ಕೀ ಒಟ್ಟಿಗೆ ಒತ್ತಿಬಿಡುತ್ತಾರೆ. ನಡುವೆ ಎಲ್ಲೋ ಇದೆ, ನೀವೇ ಕೇಳಿಕೊಳ್ಳಿ ಅಂತ.

ಮಾತು ಮುಗಿದ ಮೇಲೆ ಒಬ್ಬ ಹಿರಿಯರು ಎದ್ದು ನಿಂತರು. ಉತ್ತರ ಕರ್ನಾಟಕದ ಕಡೆಯವರು. ನಮ್ಮ ಅವ್ವ ಬೀಸುವ ಕಲ್ಲಿನ ಮುಂದೆ ಕೂತು ಒಂದೇ ಧಾಟಿಯೊಳಗ ನೂರು ತ್ರಿಪದಿ ಹಾಡ್ತಿದ್ದಳ್ರೀ, ಅಂದರು. ಮಗಳು ಹೆತ್ತಾಗಲೂ ಅದೇ, ಯಾರಾದರೂ ಸತ್ತಾಗಲೂ ಅದೇ, ನಿಧಾನ ಮಾತ್ರ ಬ್ಯಾರೆ. ಹಾಡಿ ಅಂದೆ. ಮೊದಲು ಬೇಡ ಅಂದರು, ಆಮೇಲೆ ಕಣ್ಣು ಮುಚ್ಚಿ ಎರಡು ಸಾಲು ಹಾಡಿದರು. ನಾನು ಉಮೇದಿನಲ್ಲಿ ಕೀಬೋರ್ಡ್ ಮೇಲೆ ಹುಡುಕಲು ಶುರು ಮಾಡಿದೆ. ಸ ಸಿಕ್ಕಿತು, ರಿ ಸಿಕ್ಕಿತು. ಮೂರನೆಯದು ಸಿಗಲಿಲ್ಲ. ಕೆಟ್ಟ ಕೀ ತಪ್ಪಿಸಲು ಶ್ರುತಿ ಬದಲಿಸಿಕೊಂಡೆ, ಆಗಲೂ ಇಲ್ಲ. ಒಂದು ಕೀ ಸ್ವಲ್ಪ ಕೆಳಗೆ, ಇನ್ನೊಂದು ಸ್ವಲ್ಪ ಮೇಲೆ. ಈಗಷ್ಟೇ ಪಾಠ ಹೇಳಿದ್ದೆನಲ್ಲ, ಎರಡನ್ನೂ ಒಟ್ಟಿಗೆ ಒತ್ತಿ ಅವರ ಕಡೆ ನೋಡಿದೆ.

ಅವರು ಸ್ವಲ್ಪ ಹೊತ್ತು ಕೇಳಿಸಿಕೊಂಡರು. ತಲೆ ಅಲ್ಲಾಡಿಸಿದರು. ಹಂಗಲ್ರೀ ಅದು, ಅಂದು ಇನ್ನೊಂದು ಸಲ ಹಾಡಿದರು. ಈ ಸಲ ಬೇರೆ ಥರ.